ಕಕ್ಕಡದ ಮಳೆ, ಟೀಚರ್ ಗಂಟಲು

ನಾನು ಮಡಿಕೇರಿಯಲ್ಲಿ ಸ್ಪೀಚ್ ಥೆರಪಿಸ್ಟ್. ಒಂದು ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಸೋಮವಾರಪೇಟೆ ಕಡೆಯ ಟೀಚರ್ ಒಬ್ಬರು ಬಂದರು. ಗಂಟಲು ಕೂತು 6 ವಾರವಾಗಿತ್ತು. ಕಾಳುಮೆಣಸು, ಶುಂಠಿ, ಜೇನಿನ ಕಷಾಯ ಎಲ್ಲ ಆಗಿತ್ತು. ಕುಡಿದದ್ದು ಅನ್ನನಾಳಕ್ಕೆ ಇಳಿಯುತ್ತದೆ, ಉಸಿರಿನ ದಾರಿಯಲ್ಲಿರುವ ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ಹಾಗಂದರೆ ಕೊಡಗಿನಲ್ಲಿ ಯಾರೂ ನಂಬುವುದಿಲ್ಲ, ಬಿಡಿ.

ಧ್ವನಿ ಕೆಟ್ಟು 3-4 ವಾರ ದಾಟಿದರೆ ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಹಾಕಿ ನೋಡಲೇಬೇಕು. ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. ಅದಾಗದೆ ನಾನು ವ್ಯಾಯಾಮ ಹೇಳಿಕೊಡುವುದಿಲ್ಲ. ಇವರ ಎರಡೂ ತಂತುಗಳ ಮೇಲೆ ಎದುರುಬದುರು ಸಣ್ಣ ಗಂಟುಗಳಿದ್ದವು. ಕತ್ತಿ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟುತ್ತದಲ್ಲ, ಹಾಗೆ. ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಕೂಗಿದರೆ ಏಟು ಇನ್ನೂ ಜೋರು.

ಆಮೇಲೆ ನನ್ನ ಸ್ಟಾಪ್‌ವಾಚ್. ಒಂದೇ ಉಸಿರಿನಲ್ಲಿ 'ಸ್‌...' ಅನ್ನಿಸಿದೆ, 16 ಸೆಕೆಂಡ್ ಬಂತು. ಜೇನುನೊಣದ ಹಾಗೆ 'ಝ್‌...' ಅನ್ನಿಸಿದರೆ 9ಕ್ಕೇ ನಿಂತಿತು. 'ಸ್‌' ಅನ್ನಲು ತಂತು ಅದುರಬೇಕಿಲ್ಲ, 'ಝ್‌'ಗೆ ಅದುರಲೇಬೇಕು. ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಇವರಿಗೆ ಉಸಿರು ಸಾಕಷ್ಟಿತ್ತು. ಗಂಟು ಅಡ್ಡ ಬಂದು ತಂತುಗಳು ಪೂರ್ತಿ ಮುಚ್ಚದೆ ಗಾಳಿ ಸೋರುತ್ತಿತ್ತು.

ಇಲ್ಲಿ ನಾನು ಎಡವಿದೆ. "ಸ್ವಲ್ಪ ದಿನ ಗಂಟಲಿಗೆ ರೆಸ್ಟ್ ಕೊಡಿ" ಅಂದು ಸುಮ್ನೆ ಕಳಿಸಿಬಿಟ್ಟೆ. ಅವರು ಎರಡು ವಾರ ಪಿಸುಗುಟ್ಟಿಕೊಂಡೇ ಪಾಠ ಮಾಡಿದರು! ಒತ್ತಿ ಒತ್ತಿ ಪಿಸುಗುಟ್ಟಿದರೆ ಗಂಟಲಿನ ಸ್ನಾಯು ಇನ್ನೂ ಬಿಗಿಯುತ್ತದೆ. ವಾಪಸ್ ಬಂದಾಗ ಕತ್ತು ಮುಟ್ಟಿದರೆ ಕಲ್ಲು.

"ಕ್ಲಾಸ್‌ರೂಮ್ ಹೇಗಿದೆ ಟೀಚರ್?" ಅಂತ ಆಗ ಕೇಳಿದೆ.

"ಶೀಟಿನ ಮಾಡು ಮೇಡಂ. ಮಳೆ ಹೊಡೆದರೆ ನನ್ನ ಮಾತು ನನಗೇ ಕೇಳಲ್ಲ."

ಮೊದಲ ದಿನವೇ ಕೇಳಬೇಕಿತ್ತು, ಅಲ್ವಾ? ಸುತ್ತ ಸದ್ದು ಜಾಸ್ತಿಯಾದರೆ ನಮಗೆ ಗೊತ್ತಿಲ್ಲದೇ ಧ್ವನಿ ಏರುತ್ತದೆ. ಜೂನ್‌ನಿಂದ ಅವರು ಮಳೆಯ ಜೊತೆ ಜಿದ್ದಿಗೆ ಬಿದ್ದಿದ್ದರು.

ಮಳೆ ಜೋರಾದರೆ ಬೋರ್ಡಿನಲ್ಲಿ ಬರೆದು ಮಕ್ಕಳಿಂದ ಬರೆಸಿ, ಮಳೆ ನಿಂತಾಗ ಪಾಠ ಮಾಡಿ ಎಂದೆ. ಖ್ಖ ಖ್ಖ ಅಂತ ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು. ದಿನಕ್ಕೆ ಐದಾರು ಸಲ ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ಬರಿಸುತ್ತಾ ಮೆಲ್ಲಗೆ 'ಊ' ಅನ್ನುವುದು. ನೀರಿನ ತಡೆಯಿಂದ ಬಾಯೊಳಗೆ ಒತ್ತಡ ನಿಂತು ತಂತುಗಳು ಹಗುರಾಗಿ ತಾಗುತ್ತವೆ. ಮೊದಲ ದಿನ ಅವರಿಗೆ ನಗು ತಡೆಯಲಾಗಲಿಲ್ಲ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ 'ಝ್‌' 14 ಸೆಕೆಂಡಿಗೆ ಬಂತು. ಗಂಟು ತುಂಬಾ ಸಣ್ಣದಾಗಿದೆ, ಆಪರೇಷನ್ ಬೇಡ ಎಂದರು ಡಾಕ್ಟರ್. ಕಷಾಯದಿಂದಲೇ ಹೋಯ್ತು ಅಂತ ಟೀಚರ್ ಅತ್ತೆ ಈಗಲೂ ಹೇಳುತ್ತಾರಂತೆ.