ಶಿಶುಗೀತೆಯ ಕನಸಿನ ಕಿರುಚಿತ್ರ: ಮೊದಲು ಹಾಡು, ಆಮೇಲೆ ಕ್ಯಾಮೆರಾ

ಈ ಮಳೆಗಾಲದಲ್ಲಿ ಮಡಿಕೇರಿ ಕಡೆ ಶೂಟಿಂಗ್ ಇಟ್ಟುಕೊಂಡಿರುವ ವಿದ್ಯಾರ್ಥಿಗಳು ಕ್ಯಾಮೆರಾ ಮುಟ್ಟುವ ಮೊದಲೇ ಹಾಡು ರೆಕಾರ್ಡ್ ಮಾಡಿಬಿಡಿ. ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ) ಆ್ಯಪ್‌ನಲ್ಲಿ ನಿಮಿಷಕ್ಕೆ 100 ತಾಳ ಇಡಿ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ತಾಳಕ್ಕೆ ಸರಿಯಾಗಿ 15 ಫ್ರೇಮ್, ನಾಲ್ಕಕ್ಕೆ 60. ಎಡಿಟಿಂಗ್‌ನಲ್ಲಿ ಕಟ್ ಎಲ್ಲಿ ಅನ್ನುವ ಜಗಳವೇ ಇರುವುದಿಲ್ಲ.

ತುಟಿ ಹಾಡಿಗೆ ಕೂಡಬೇಕು, ಮೈ ಮಾತ್ರ ತೇಲಬೇಕು ಅಂದರೆ ಸೆಕೆಂಡಿಗೆ 50 ಫ್ರೇಮ್‌ನಲ್ಲಿ, ಶಟರ್ 1/100 ಸೆಕೆಂಡ್ ಇಟ್ಟು ತೆಗೆಯಿರಿ. ಸ್ಪೀಕರಿನಲ್ಲಿ ಹಾಡು ಎರಡು ಪಟ್ಟು ವೇಗದಲ್ಲಿ ಓಡಲಿ, ನಟರು ಅದಕ್ಕೇ ತುಟಿ ಆಡಿಸಲಿ. ಆಮೇಲೆ ಎಡಿಟಿಂಗ್‌ನಲ್ಲಿ 25 ಫ್ರೇಮ್‌ಗೆ ಇಳಿಸಿದರೆ ತುಟಿ ಸರಿಹೋಗುತ್ತದೆ, ಕೂದಲು, ಲಂಗ, ನಡಿಗೆ ಎಲ್ಲ ಅರ್ಧ ವೇಗಕ್ಕೆ ಬರುತ್ತವೆ. ಎರಡು ಪಟ್ಟು ವೇಗದ ಹಾಡಿಗೆ ಮಕ್ಕಳು ತಡವರಿಸುತ್ತಾರೆ; ಒಂದು ಶಾಟ್‌ಗೆ ಎರಡೇ ಸಾಲು ಕೊಡಿ.

ಮಂಜು ಪುಕ್ಕಟೆ ಸಿಗುತ್ತದೆ, ಆದರೆ ಆಟೋ ಎಕ್ಸ್‌ಪೋಶರ್ (ಬೆಳಕನ್ನು ಕ್ಯಾಮೆರಾ ತಾನೇ ಹೊಂದಿಸುವುದು) ಅದನ್ನು ಬೂದಿ ಬಣ್ಣ ಮಾಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟು, ಏರಿಸಿ. ಫೋಕಸ್ ಮ್ಯಾನ್ಯುವಲ್, ಇಲ್ಲದಿದ್ದರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ತೆರೆಯಬೇಡಿ, ಗಾಜಿನ ಮೇಲೆ ನೀರು ಕೂರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಇರಲಿ.

ಕನಸು ಅಂದ ತಕ್ಷಣ ನೀಲಿ ಫಿಲ್ಟರ್ ಹಾಕುವುದು ಸೋಮಾರಿತನ. ಕಾಫಿ ಗಿಡಗಳ ನಡುವೆ ಒಂದು ಶಾಲೆ ಬೆಂಚು ಇಡಿ, ಅಷ್ಟು ಸಾಕು.

ಹಾಡಿನ ಹಕ್ಕು: ಕವಿ ತೀರಿಕೊಂಡು 60 ವರ್ಷ ಆಗಿರದಿದ್ದರೆ ಅನುಮತಿ ಬೇಕು. ಜನಪದ ಪದವಾದರೆ ನೀವೇ ಹಾಡಿಸಿ, ಯಾರದೋ ರೆಕಾರ್ಡಿಂಗ್ ಎತ್ತಬೇಡಿ. ತೋಟಕ್ಕೆ ಮಾಲೀಕರನ್ನು, ಕಾಡಿಗೆ ಅರಣ್ಯ ಇಲಾಖೆಯನ್ನು ಮುಂಚೆಯೇ ಕೇಳಿ. ಜಿಗಣೆಗೆ ಉಪ್ಪಿನ ಗಂಟು ಮರೆಯಬೇಡಿ.