ಮಣ್ಣಲ್ಲಿ ಸಿಕ್ಕ ಉಂಗುರವನ್ನು ಉಜ್ಜಬೇಡಿ

ಇಂಗ್ಲೆಂಡಿನ ಹೊಲಗಳಲ್ಲಿ, ಕಡಲ ದಂಡೆಗಳಲ್ಲಿ ರಜಾ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರು ತುಂಬ ಜನ. ನಾನೂ ಅವರಲ್ಲೊಬ್ಬ. ಉಂಗುರ ಸಿಕ್ಕಿತು ಅಂದ ಕೂಡಲೇ ಎಲ್ಲರೂ ಹೆಬ್ಬೆರಳಲ್ಲಿ ಉಜ್ಜಲು ಶುರು ಮಾಡುತ್ತಾರೆ. ಉಂಗುರ ಹಾಳಾಗುವುದೇ ಆಗ. ಮರಳಿನಲ್ಲಿ ಕ್ವಾರ್ಟ್ಜ್ ಜಾಸ್ತಿ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು 7, ಚಿನ್ನ ಮತ್ತು ಬೆಳ್ಳಿ 3ರ ಆಸುಪಾಸು. ಒಂದೇ ಉಜ್ಜಿಗೆ ಗೀರು ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಹೊಲದಲ್ಲಿ ಮಾಡಬೇಕಾದ್ದು ಇಷ್ಟೇ: ಮಣ್ಣಿನ ಸಮೇತ ಡಬ್ಬಿಗೆ ಹಾಕಿ, ಸಿಕ್ಕ ಜಾಗ ಬರೆದಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಮೊದಲು ಬಣ್ಣ ನೋಡಿ. ಹಸಿರು ಕಿಲುಬು ಕಂಡರೆ ತಾಮ್ರ ಬೆರೆತಿದೆ ಎಂದರ್ಥ. ಅದಕ್ಕೆ ನೀರು ತಾಗಿಸಬೇಡಿ, ನೆರಳಲ್ಲಿ ಒಣಗಲು ಬಿಡಿ. ಕಿಲುಬಿನಡಿ ಚಿನ್ನದ ತೆಳು ಲೇಪ ಇರಬಹುದು. ಹುಣಸೆಹಣ್ಣು, ನಿಂಬೆರಸ ಹಾಕಿದರೆ ಅದೂ ಕಿತ್ತು ಬರುತ್ತದೆ. ಹಿತ್ತಾಳೆ ಬೆಳಗುವ ಪುಡಿ, ಟೂತ್‌ಪೇಸ್ಟ್ ಯಾವ ಉಂಗುರಕ್ಕೂ ಬೇಡ.

ಕಿಲುಬಿಲ್ಲದಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ನೀರು ಕದಡಿದರೆ ಬದಲಿಸಿ, ಮತ್ತೆ ನೆನೆಸಿ. ಕಡಲ ದಂಡೆಯಲ್ಲಿ ಸಿಕ್ಕಿದ್ದಾದರೆ ಉಪ್ಪು ಬಿಡಬೇಕು, ಮೂರು ನಾಲ್ಕು ದಿನ ಬೇಕು. ಆಮೇಲೆ ಉಂಗುರವನ್ನು ನೀರಿನೊಳಗೇ ಹಿಡಿದು, ಒದ್ದೆ ಮಾಡಿದ ಟೂತ್‌ಪಿಕ್‌ನ ತುದಿಯಿಂದ ಮಣ್ಣನ್ನು ಒಂದೊಂದೇ ಹೆಂಟೆಯಾಗಿ ಎಬ್ಬಿಸಿ. ಕೆರೆಯಬೇಡಿ, ಎಬ್ಬಿಸಿ. ಸೂಜಿ, ಪಿನ್ನು ಮುಟ್ಟಲೇಬೇಡಿ. ಮೆತ್ತಗಿನ ಬ್ರಶ್ ಹಿಡಿಯುವುದು ಒಂದು ಕಣವೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ. ಚಿನ್ನಕ್ಕೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ನನಗೆ ಅಂಟವಾಳದ ನೊರೆಯೇ ಇಷ್ಟ, ನಮ್ಮ ಅಕ್ಕಸಾಲಿಗರು ಬಳಸುತ್ತಿದ್ದದ್ದೂ ಅದೇ.

ಇನ್ನು ಗುರುತು. ಭೂತಗನ್ನಡಿ ಹಿಡಿದು ಒಳಮೈ ನೋಡಿ. 375 ಅಂದರೆ 9 ಕ್ಯಾರೆಟ್, 750 ಅಂದರೆ 18, 916 ಅಂದರೆ ನಮಗೆಲ್ಲ ಗೊತ್ತಿರುವ 22. ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಮುದ್ರೆ ಇಲ್ಲ ಅಂತ ಎಸೆಯಬೇಡಿ. ಬ್ರಿಟನ್ನಿನಲ್ಲಿ 7.78 ಗ್ರಾಂಗಿಂತ ಹಗುರದ ಬೆಳ್ಳಿಗೆ ಮುದ್ರೆ ಕಡ್ಡಾಯವಲ್ಲ.

ಆಗ ನೀರಿನ ಲೆಕ್ಕ ಮಾಡಿ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಉಂಗುರವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ತೋರಿಸಿದ ಅಂಕಿಯಿಂದ ಉಂಗುರದ ತೂಕವನ್ನು ಭಾಗಿಸಿ. ಉಂಗುರ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 6.2 ಗ್ರಾಂ ಉಂಗುರಕ್ಕೆ 0.6 ಬಂದರೆ 10.3, ಅಂದರೆ ಬೆಳ್ಳಿ. ಹಿತ್ತಾಳೆ ಎಂಟೂವರೆ ಹತ್ತಿರ, 22 ಕ್ಯಾರೆಟ್ ಚಿನ್ನ 17ರ ಮೇಲೆ. ಹರಳಿದ್ದರೆ ಈ ಲೆಕ್ಕ ಕೆಡುತ್ತದೆ.

ಒಳಮೈಯಲ್ಲಿ ಹಳೆಯ ಅಕ್ಷರದ ಪ್ರೇಮದ ಸಾಲು ಕೆತ್ತಿದ್ದರೆ ಅಲ್ಲಿಗೇ ಕೈ ನಿಲ್ಲಿಸಿ. ಅದು 16, 17ನೇ ಶತಮಾನದ ಪೋಸಿ ಉಂಗುರ ಇರಬಹುದು. 300 ವರ್ಷ ದಾಟಿದ, ಕನಿಷ್ಠ ಶೇ 10 ಚಿನ್ನ ಅಥವಾ ಬೆಳ್ಳಿ ಇರುವ ವಸ್ತು ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಪ್ರಕಾರ ನಿಧಿ. 14 ದಿನದೊಳಗೆ ಅಲ್ಲಿನ ಅಧಿಕಾರಿಗಳಿಗೆ ತಿಳಿಸಬೇಕು. ಕರ್ನಾಟಕದಲ್ಲೂ ನಿಧಿಗೆ 1962ರ ಕಾಯ್ದೆ ಇದೆ, ನೆಲದಲ್ಲಿ ಸಿಕ್ಕಿದ್ದನ್ನು ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ. ಇತ್ತೀಚಿನ ಮದುವೆ ಉಂಗುರವಾದರೆ ಕಳೆದುಕೊಂಡವರು ಹುಡುಕುತ್ತಿರುತ್ತಾರೆ, ಅಲ್ವಾ? ಪೊಲೀಸರಿಗೆ ತಿಳಿಸಿ.

ಈಗಿನ ಕಾಲದ, ಹರಳಿಲ್ಲದ ಬೆಳ್ಳಿ ಕಪ್ಪಿಟ್ಟಿದ್ದರೆ ಮಾತ್ರ ಕೊನೆಯ ಹಂತ. ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಉಂಗುರ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಹಾಕಿ ಬಿಸಿನೀರು ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಬೆಳ್ಳಿಗೆ ಅಂಟಿದ್ದ ಗಂಧಕ ಬಿಡುತ್ತಿದೆ. ಎರಡು ನಿಮಿಷಕ್ಕೆ ತೆಗೆದು, ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಕೆತ್ತನೆಯ ಸಂದಿಯ ಕಪ್ಪು ಹಾಗೇ ಇರಲಿ.