ಸಾಫ್ಟ್‌ವೇರ್‌ಗೆ ದುಡ್ಡು ಸುರಿಯದೆ ಕನ್ನಡ ವೆಬ್‌ಸೈಟ್ ಕಟ್ಟುವುದು ಹೇಗೆ?

ವೆಬ್‌ಸೈಟ್ ಮಾಡಬೇಕು ಅಂದ ಕೂಡಲೇ ಬಹಳ ಜನ ಕೇಳುವುದು ‘ಯಾವ ಸಾಫ್ಟ್‌ವೇರ್ ಕೊಳ್ಳಬೇಕು?’ ಎಂದು. ಮಲೆನಾಡಿನ ಹೋಮ್‌ಸ್ಟೇ, ಸೀರೆ ಅಂಗಡಿ, ಊರಿನ ಗ್ರಂಥಾಲಯ, ಬಿಸಿಎ ಓದುವ ಹುಡುಗಿಯ ಪ್ರಾಜೆಕ್ಟ್ ಇಂಥವಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲವೂ ಇವತ್ತು ಉಚಿತವಾಗಿ, ಕಾನೂನುಬದ್ಧವಾಗಿ ಸಿಗುತ್ತದೆ. ದುಡ್ಡು ಹಾಕಬೇಕಾದ ಜಾಗ ಬೇರೆ.

ಬೆಲೆಗಿಂತ ಮೊದಲು ನೋಡಬೇಕಾದದ್ದು ಒಂದಿದೆ: ಆ ಸಾಫ್ಟ್‌ವೇರ್ ನಾಳೆ ನಿಂತುಹೋದರೆ ನಿಮ್ಮ ಕೆಲಸ ನಿಮ್ಮ ಕೈಯಲ್ಲಿ ಉಳಿಯುತ್ತದಾ? ಒಂದು ಕಾಲದಲ್ಲಿ ಕಂಪ್ಯೂಟರ್ ಕ್ಲಾಸುಗಳಲ್ಲಿ ಕಲಿಸುತ್ತಿದ್ದ ಮೈಕ್ರೋಸಾಫ್ಟ್ ಫ್ರಂಟ್‌ಪೇಜ್ 2006ರಲ್ಲಿ ಕೊನೆಯಾಯಿತು. ಅಡೋಬಿ ಕಂಪನಿ ವೆಬ್‌ಸೈಟ್ ವಿನ್ಯಾಸದ ಮ್ಯೂಸ್‌ಗೆ 2020ರಲ್ಲಿ, ಕೋಡ್ ಬರೆಯುವ ಬ್ರಾಕೆಟ್ಸ್‌ಗೆ 2021ರಲ್ಲಿ ಬೆಂಬಲ ನಿಲ್ಲಿಸಿತು. ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್, ತನ್ನ ಆಟಮ್ ಎಡಿಟರನ್ನು (ಕೋಡ್ ಬರೆಯುವ ಸಾಫ್ಟ್‌ವೇರ್) 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. ಬ್ರಾಕೆಟ್ಸ್, ಆಟಮ್ ಬಳಸುತ್ತಿದ್ದವರ ಫೈಲುಗಳು ಬರೀ ಎಚ್‌ಟಿಎಂಎಲ್ (ಪುಟದ ರಚನೆ ಬರೆಯುವ ಭಾಷೆ), ಸಿಎಸ್‌ಎಸ್ (ಪುಟದ ಅಂದ ಬರೆಯುವ ಭಾಷೆ) ಆಗಿದ್ದವು. ಬೇರೆ ಎಡಿಟರ್‌ನಲ್ಲಿ ತೆರೆದರು, ಕೆಲಸ ಮುಂದುವರಿಸಿದರು. ಮ್ಯೂಸ್‌ನ ಮೂಲ ಫೈಲು ಮಾತ್ರ ಬೇರೆ ಕಡೆ ತೆರೆಯುವುದಿಲ್ಲ. ಹಾಗಾಗಿ ಸಾದಾ ಫೈಲುಗಳಲ್ಲಿ ಕೆಲಸ ಮಾಡುವ ಸಾಧನಗಳನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಹಂತ 1: ಎಂಥ ಸೈಟ್ ಬೇಕು ಅಂತ ತೀರ್ಮಾನಿಸಿ

ಐದಾರು ಪುಟ, ಅಪರೂಪಕ್ಕೆ ಬದಲಾವಣೆ ಅಂತಾದರೆ ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿತು ನೀವೇ ಬರೆಯಬಹುದು. ದಿನವೂ ಬರಹ ಸೇರಿಸಬೇಕಿದ್ದರೆ ಸೈಟ್ ನಿರ್ವಹಿಸುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಒಳ್ಳೆಯದು. ಅದು ಉಚಿತ, ಆದರೆ ಅದನ್ನು ಓಡಿಸಲು ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಮತ್ತು ಡೇಟಾಬೇಸ್ ಇರುವ ಹೋಸ್ಟಿಂಗ್, ಅಂದರೆ ಸೈಟನ್ನು ಇಡುವ ಇಂಟರ್‌ನೆಟ್ ಜಾಗ ಬೇಕು. ಎಳೆದು ಬಿಟ್ಟರೆ ಪುಟ ತಯಾರಾಗುವ ವಿಕ್ಸ್‌ನಂಥ ಸೇವೆಗಳೂ ಇವೆ. ಅವುಗಳ ಉಚಿತ ಪ್ಲಾನ್‌ನಲ್ಲಿ ಕಂಪನಿಯ ಜಾಹೀರಾತು ನಿಮ್ಮ ಸೈಟಿನಲ್ಲಿ ಕೂರುತ್ತದೆ. ಮುಂದೆ ಸೈಟನ್ನು ಇದ್ದ ಹಾಗೇ ಬೇರೆ ಕಡೆಗೆ ಸಾಗಿಸಲೂ ಆಗುವುದಿಲ್ಲ.

ಹಂತ 2: ನಿಮ್ಮ ಕಂಪ್ಯೂಟರ್‌ಗೆ ಹೊಂದುವ ಎಡಿಟರ್

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ತೆರೆಯಿರಿ. ರ‍್ಯಾಮ್ ಎಷ್ಟಿದೆ, ಯಂತ್ರ 32 ಬಿಟ್ಟಾ 64 ಬಿಟ್ಟಾ ನೋಡಿಕೊಳ್ಳಿ.

ರ‍್ಯಾಮ್ 8 ಜಿಬಿ ಇದ್ದರೆ ಕಣ್ಣುಮುಚ್ಚಿ ವಿಎಸ್ ಕೋಡ್ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ 2015ರಲ್ಲಿ ಇದನ್ನು ತಂದಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತ. ಬಳಕೆಯ ಮಾಹಿತಿ ಕಂಪನಿಗೆ ಹೋಗುವುದು ಬೇಡ ಅನ್ನುವವರು ಅದೇ ಮೂಲ ಕೋಡ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಬಳಸಬಹುದು.

4 ಜಿಬಿ ಯಂತ್ರದಲ್ಲಿ ವಿಎಸ್ ಕೋಡ್ ಮತ್ತು ಕ್ರೋಮ್ ಒಟ್ಟಿಗೆ ತೆರೆದರೆ ಎಲ್ಲವೂ ನಿಧಾನ. ವಿಂಡೋಸ್ 7ರಲ್ಲಿ, 32 ಬಿಟ್ ವಿಂಡೋಸ್‌ನಲ್ಲಿ ವಿಎಸ್ ಕೋಡ್‌ನ ಹೊಸ ಆವೃತ್ತಿಗಳು ಓಡುವುದೇ ಇಲ್ಲ. ಅಂಥ ಕಡೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿ. 2003ರಿಂದ ಇದೆ, ತೀರಾ ಹಗುರ. ಲಿನಕ್ಸ್‌ನವರಿಗೆ ಜೀನಿ ಅಥವಾ ಕೇಟ್ ಸಾಕು. ಕಂಪ್ಯೂಟರೇ ಇಲ್ಲ, ಆಂಡ್ರಾಯ್ಡ್ ಫೋನ್ ಮಾತ್ರ ಇದೆ ಅನ್ನುವವರು ಏಕೋಡ್ ಆ್ಯಪ್‌ನಲ್ಲಿ ಕಲಿಕೆ ಶುರು ಮಾಡಬಹುದು. ಹಳೆಯ ಲ್ಯಾಪ್‌ಟಾಪ್ ಇದೆ ಅಂತ ಯಾರೂ ಹಿಂಜರಿಯಬೇಡಿ. ಎಚ್‌ಟಿಎಂಎಲ್ ಬರೆಯಲು ದೊಡ್ಡ ಯಂತ್ರ ಬೇಡವೇ ಬೇಡ.

ಹಂತ 3: ಮೊದಲ ದಿನವೇ ಮಾಡಿಕೊಳ್ಳಬೇಕಾದ ಸೆಟ್ಟಿಂಗ್

ಸೈಟಿಗೆಂದು ಒಂದು ಫೋಲ್ಡರ್ ಮಾಡಿ. ವಿಎಸ್ ಕೋಡ್‌ನಲ್ಲಿ ಬಿಡಿ ಫೈಲನ್ನಲ್ಲ, ಇಡೀ ಫೋಲ್ಡರನ್ನೇ ತೆರೆಯಿರಿ. ಫೈಲ್ ಮೆನುವಿನಲ್ಲಿ ಆಟೊ ಸೇವ್ ಆನ್ ಮಾಡಿ, ಕರೆಂಟ್ ಹೋದಾಗ ಬರೆದದ್ದು ಉಳಿಯುತ್ತದೆ. ಹೊಸ ಎಚ್‌ಟಿಎಂಎಲ್ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಟ್ಯಾಬ್ ಒತ್ತಿದರೆ ಪುಟದ ಅಸ್ಥಿಪಂಜರ ತಾನಾಗಿಯೇ ಬರುತ್ತದೆ. ಬರೆದದ್ದನ್ನು ಪಕ್ಕದಲ್ಲೇ ನೋಡಲು ಲೈವ್ ಪ್ರಿವ್ಯೂ ಎಂಬ ಎಕ್ಸ್‌ಟೆನ್ಶನ್ (ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಸಾಕು. ಸುಮ್ನೆ ಹತ್ತಾರು ಎಕ್ಸ್‌ಟೆನ್ಶನ್ ತುಂಬಿಕೊಳ್ಳಬೇಡಿ.

ಫೈಲಿನ ಹೆಸರುಗಳು ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ಮನೆಯಲ್ಲಿ ಚೆನ್ನಾಗಿ ಕಂಡ ಫೋಟೊ ಸೈಟಿಗೆ ಏರಿಸಿದ ಮೇಲೆ ಮಾಯವಾಗಲು ಹೆಚ್ಚಿನ ಸಲ ಇದೇ ಕಾರಣ. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ.

ಹಂತ 4: ಕನ್ನಡದ ಪರೀಕ್ಷೆ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಯಾವುದೇ ಎಡಿಟರ್ ಅಥವಾ ವಿನ್ಯಾಸದ ಸಾಫ್ಟ್‌ವೇರ್ ಒಪ್ಪಿಕೊಳ್ಳುವ ಮುಂಚೆ ಅದರಲ್ಲಿ ‘ಸ್ತ್ರೀ, ಜ್ಯೋತ್ಸ್ನಾ, ಅರ್ಕಾವತಿ, ಕೃಷ್ಣ’ ಎಂದು ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಸರಿಯಾಗಿ ಕೂತಿದೆಯಾ? ಅರ್ಕಾವತ್ತು ಬಂತಾ? ಅಕ್ಷರಗಳು ಒಡೆದು ಸಾಲಾಗಿ ನಿಂತರೆ ಆ ಸಾಫ್ಟ್‌ವೇರ್ ಎಷ್ಟೇ ಅಗ್ಗವಾಗಿರಲಿ, ಕನ್ನಡದ ಕೆಲಸಕ್ಕೆ ಬಾರದು. ಇಂಕ್‌ಸ್ಕೇಪ್, ಗಿಂಪ್ ಎರಡೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ವಿಎಸ್ ಕೋಡ್‌ನಲ್ಲಿ ಕನ್ನಡ ಚೆನ್ನಾಗಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಫಾಂಟ್ ಫ್ಯಾಮಿಲಿಯಲ್ಲಿ ಕೊನೆಗೆ ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಫಾಂಟಿನ ಹೆಸರು ಸೇರಿಸಿ.

ಫೈಲು ಯುಟಿಎಫ್-8ರಲ್ಲೇ (ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿ) ಸೇವ್ ಆಗಬೇಕು. ಎಡಿಟರ್‌ನ ಕೆಳಗಿನ ಪಟ್ಟಿಯಲ್ಲಿ ಅದನ್ನು ನೋಡಬಹುದು. ಪುಟದ ಕೋಡ್‌ನ ತಲೆಭಾಗದಲ್ಲೂ (ಹೆಡ್) ಯುಟಿಎಫ್-8 ಅಂತ ಬರೆದಿರಬೇಕು. ಪುಟದ ಭಾಷೆಯನ್ನು ಕನ್ನಡ ಎಂದು ನಮೂದಿಸಿದರೆ ಪಠ್ಯವನ್ನು ಓದಿ ಹೇಳುವ ಸಾಧನಗಳಿಗೆ ಸಹಾಯ. ಅಂಧ ಓದುಗರಿಗಾಗಿಯಾದರೂ ಇದನ್ನು ಬಿಡಬೇಡಿ. ನುಡಿ, ಬರಹ ಎಂಬ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ, ಯೂನಿಕೋಡ್ (ಎಲ್ಲ ಭಾಷೆಗೂ ಒಪ್ಪಿತವಾದ ಅಕ್ಷರ ಸಂಕೇತ) ಅಲ್ಲದ ಪಠ್ಯವನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಇನ್ನೊಂದು ಮಾತು. ಇಂಗ್ಲಿಷಿಗೆ ಸಾಕಾಗುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು, ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ 1.7ರ ಆಸುಪಾಸು ಇಡಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ ಇವೆಲ್ಲ ಉಚಿತ. ಕನ್ನಡ ಪಠ್ಯವನ್ನು ಚಿತ್ರವಾಗಿ ಮಾತ್ರ ಹಾಕಬೇಡಿ. ಹುಡುಕುವವರಿಗೆ ನಿಮ್ಮ ಅಂಗಡಿ ಸಿಗಬೇಕು ಅಲ್ವಾ?

ಹಂತ 5: ವಿನ್ಯಾಸ ಮತ್ತು ಫೋಟೊ

ಮೊದಲು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ. ಆಮೇಲೆ ಫಿಗ್ಮಾದ ಉಚಿತ ಪ್ಲಾನ್ ಅಥವಾ ಮುಕ್ತ ತಂತ್ರಾಂಶವಾದ ಪೆನ್‌ಪಾಟ್‌ನಲ್ಲಿ ಪುಟದ ನಕ್ಷೆ ಮಾಡಿ. ಲೋಗೊಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್. ಫೋನಿನ ಫೋಟೊವನ್ನು ತೆಗೆದ ಹಾಗೇ ಏರಿಸದೆ, ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ. ಸಿಗ್ನಲ್ ಕಡಿಮೆ ಇರುವ ಊರಲ್ಲೂ ಪುಟ ಬೇಗ ತೆರೆಯುತ್ತದೆ.

ಹಂತ 6: ದುಡ್ಡು ಕೊಡುವ ಮುಂಚೆ

ತಿಂಗಳ ಚಂದಾದ ಬೆಲೆ ಡಾಲರ್‌ನಲ್ಲಿದ್ದರೆ ಕಾರ್ಡಿನ ವಿನಿಮಯ ಶುಲ್ಕ, ಶೇ 18ರ ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ‘ವರ್ಷದ ಒಪ್ಪಂದ, ತಿಂಗಳ ಕಂತು’ ಅಂತಿದ್ದರೆ ನಡುವೆ ಬಿಟ್ಟವರಿಗೆ ದಂಡ ಬೀಳಬಹುದು. ಇಂಥ ದಂಡವನ್ನು ಮುಚ್ಚಿಟ್ಟಿದೆ ಎಂದು ಆರೋಪಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿತು. ವೆಬ್‌ಸ್ಟಾರ್ಮ್ ಎಂಬ ಕೋಡ್ ಎಡಿಟರ್ ಅದೇ ವರ್ಷದಿಂದ ವಾಣಿಜ್ಯೇತರ ಬಳಕೆಗೆ ಉಚಿತ. ಕಾಲೇಜಿನವರು ಗಿಟ್‌ಹಬ್‌ನ ವಿದ್ಯಾರ್ಥಿ ಪ್ಯಾಕ್‌ಗೆ ಅರ್ಜಿ ಹಾಕಿ, ಹಲವು ಸಾಧನಗಳು ಉಚಿತವಾಗಿ ಸಿಗುತ್ತವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮಾತ್ರ ಬೇಡ. ಅದರ ಜೊತೆ ಬರುವ ವೈರಸ್ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಕದಿಯಬಹುದು.

ಹಂತ 7: ಖರ್ಚು ಮಾಡಬೇಕಾದ ಜಾಗ

ಅದು ಡೊಮೇನ್, ಅಂದರೆ ಸೈಟಿನ ವಿಳಾಸ. ಸಾದಾ ಪುಟಗಳ ಹೋಸ್ಟಿಂಗ್ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತ, ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅಲ್ಲಿ ಅವಕಾಶವಿಲ್ಲ. ಅಂಗಡಿಯವರು ಕ್ಲೌಡ್‌ಫ್ಲೇರ್ ಪೇಜಸ್ ನೋಡಬಹುದು. ಡೊಮೇನ್ ಕೊಳ್ಳುವಾಗ ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ, ಎರಡನೇ ವರ್ಷದ ನವೀಕರಣದ ದರ ಕೇಳಿ. ಸೈಟನ್ನು ಬೇರೆಯವರ ಕೈಲಿ ಮಾಡಿಸಿದರೂ ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇ-ಮೇಲ್‌ನಲ್ಲೇ ನೋಂದಣಿಯಾಗಬೇಕು. ನವೀಕರಣದ ತಾರೀಕಿಗೆ ಒಂದು ತಿಂಗಳು ಮುಂಚೆ ನೆನಪಾಗುವಂತೆ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.